ಸ್ಟಾಕ್ಟನ್ನಿನ ಗಾಲಿಯ ಬಡಗಿ

ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ಹತ್ತಿರ ಕಾಲುವೆಯ ಕೆಲಸಕ್ಕೆಂದು ಒಂದು ಹಳೆಯ ಸರಪಣಿಗಾಲಿಯ ಟ್ರ್ಯಾಕ್ಟರು ಬಂದಿತ್ತು. ಅದು ಕೆಲಸ ಮಾಡಿದ ದಿನಗಳಿಗಿಂತ ಕೆಟ್ಟು ನಿಂತ ದಿನಗಳೇ ನನಗೆ ಹೆಚ್ಚು ನೆನಪಿನಲ್ಲಿವೆ; ಕೆಟ್ಟು ನಿಂತಾಗ ಮಾತ್ರವೇ ಹುಡುಗರನ್ನು ಅದರ ಸಮೀಪಕ್ಕೆ ಬಿಡುತ್ತಿದ್ದರು. ಒಂದು ದಿನ ಮಿಸ್ತ್ರಿಯು ಅದರ ಸರಪಣಿಯನ್ನು ಕಳಚಿ ನೆಲದ ಮೇಲೆ ಉದ್ದಕ್ಕೆ ಹಾಸಿ, ಕೊಂಡಿಕೊಂಡಿಯ ನಡುವಿನ ಉಕ್ಕಿನ ಕೀಲುಗಳನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಬಡಿದು ಹೊರಕ್ಕೆ ತೆಗೆಯುತ್ತಿದ್ದ. ತೆಗೆದ ಕೀಲನ್ನು ಒರೆಸಿ ಮತ್ತೆ ಅದೇ ತೂತಿಗೆ ಹೊಡೆದು ಕೂಡಿಸುತ್ತಿದ್ದ. ಇದೆಂಥ ವ್ಯರ್ಥ ಕಾರ್ಯವೆಂದು ನಾನು ನಕ್ಕಿರಬೇಕು. ಅವನು ಸಿಟ್ಟಾಗಲಿಲ್ಲ, ಒಂದು ಕೀಲನ್ನು ನನ್ನ ಕೈಗಿತ್ತು ಸವರಿ ನೋಡೆಂದ. ಒಂದು ಮಗ್ಗುಲು ನುಣ್ಣಗೆ ಸವೆದು ತಗ್ಗಾಗಿತ್ತು. ಇನ್ನೊಂದು ಮಗ್ಗುಲು ಹೊಸದರಂತೆ ದುಂಡಗಿತ್ತು. ಎಳೆತವು ಯಾವಾಗಲೂ ಒಂದೇ ಕಡೆಗೆ ಬೀಳುವುದರಿಂದ ಕೀಲು ಒಂದೇ ಮಗ್ಗುಲಿಗೆ ಸವೆಯುತ್ತದೆ. ಅದನ್ನು ಅರ್ಧಸುತ್ತು ತಿರುಗಿಸಿ ಕೂಡಿಸಿದರೆ ಆ ಸರಪಣಿಗೆ ಎರಡನೆಯ ಆಯುಷ್ಯ ಬರುತ್ತದೆ.

ಸವೆಯುವ ಭಾಗವನ್ನು ಹೀಗೆ ಬಯಲಿನಲ್ಲಿಯೇ ಕಳಚಿ ಕೂಡಿಸಲು ಬರುವಂತೆ ಈ ಯಂತ್ರವನ್ನು ಮೊದಲು ಆಲೋಚಿಸಿದವರು ಯಾರಿರಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾನು ಬಹಳ ವರ್ಷ ತಡಮಾಡಿದೆ. ಹುಡುಕಿದಾಗ ಎದುರಾದ ವ್ಯಕ್ತಿ ಬೆಂಜಮಿನ್ ಹೋಲ್ಟ್. ಆತನನ್ನು ಸರಪಣಿಗಾಲಿಯ ಜನಕನೆಂದು ಪುಸ್ತಕಗಳು ಕರೆಯುತ್ತವೆ. ಆ ಬಿರುದು ಪೂರ್ತಿ ಸರಿಯಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಆತನ ಜೀವನವನ್ನು ಓದುತ್ತ ಹೋದಂತೆ, ನಮ್ಮೂರಿನ ಮಿಸ್ತ್ರಿಯು ಆತನಿಗೆ ದೂರದ ನಂಟನಿರಬೇಕೆಂದು ನನಗೆ ಅನ್ನಿಸಿತು.

ಹೋಲ್ಟನು ಹುಟ್ಟಿದ್ದು ೧೮೪೯ರ ಜನವರಿ ೧ರಂದು, ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ. ತಂದೆಗೆ ಮರ ಕೊಯ್ಯುವ ಕಾರ್ಖಾನೆಯಿತ್ತು. ಬಂಡಿ ಕಟ್ಟುವವರಿಗೆ ಬೇಕಾದ ಗಟ್ಟಿಮರ ಅಲ್ಲಿ ಸಿದ್ಧವಾಗುತ್ತಿತ್ತು. ಅಣ್ಣನಾದ ಚಾರ್ಲ್ಸನು ೧೮೬೦ರ ದಶಕದಲ್ಲಿಯೇ ಪಶ್ಚಿಮ ತೀರದ ಸಾನ್‌ಫ್ರಾನ್ಸಿಸ್ಕೊ ನಗರಕ್ಕೆ ಹೋಗಿ ಮರದ ವ್ಯಾಪಾರವನ್ನು ಹೂಡಿದ್ದನು. ಬೆಂಜಮಿನ್ನನು ಮಾತ್ರ ಬಹುಕಾಲ ಮನೆಯ ಕಾರ್ಖಾನೆಯಲ್ಲಿಯೇ ಉಳಿದು, ೧೮೮೩ರಲ್ಲಿ, ತನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಬಂದನು. ಲೋಕವನ್ನು ಬದಲಿಸಲು ಹೊರಟವರು ಇಷ್ಟು ತಡವಾಗಿ ಮನೆ ಬಿಡುವುದು ಅಪರೂಪ. ಆತನಿಗೆ ಅಂಥ ಉದ್ದೇಶವೂ ಇದ್ದಂತೆ ತೋರುವುದಿಲ್ಲ. ಆತ ಬಂದದ್ದು ಗಾಲಿ ಮಾಡುವುದಕ್ಕೆ.

ಗಾಲಿಗೆ ಅಲ್ಲೊಂದು ತೊಂದರೆಯಿತ್ತು. ಸಮುದ್ರತೀರದ ತೇವದ ಹವೆಯಲ್ಲಿ ಒಣಗಿಸಿದ ಮರದ ಗಾಲಿಗಳು ಒಳನಾಡಿನ ಬಿರುಬಿಸಿಲಿಗೆ ಬಂದೊಡನೆ ಕುಗ್ಗಿ, ಅರಗಳು ಸಡಿಲಾಗಿ, ಕಬ್ಬಿಣದ ಪಟ್ಟೆ ಕಳಚಿಬೀಳುತ್ತಿತ್ತು. ಎಲ್ಲಿ ಬಂಡಿ ಓಡಬೇಕೋ ಆ ಹವೆಯಲ್ಲಿಯೇ ಮರ ಒಣಗಬೇಕು ಎಂಬುದು ಸೋದರರ ಲೆಕ್ಕ. ಅದಕ್ಕಾಗಿ ಅವರು ಸಾನ್ ಹ್ವಾಕಿನ್ ಕಣಿವೆಯ ಸ್ಟಾಕ್ಟನ್ ಊರನ್ನು ಆರಿಸಿ ಅಲ್ಲಿ ಸ್ಟಾಕ್ಟನ್ ವೀಲ್ ಕಂಪನಿಯನ್ನು ಸ್ಥಾಪಿಸಿದರು. ಗಾಲಿಯು ಕೆಡುವುದು ಎಲ್ಲಿ, ಹೇಗೆ ಎಂಬಲ್ಲಿಂದ ಅದರ ನಿರ್ಮಾಣವನ್ನು ಆರಂಭಿಸಿದ ಈ ಕ್ರಮವು ಹೋಲ್ಟನ ಕೈಯನ್ನು ಕೊನೆಯವರೆಗೆ ಬಿಡಲಿಲ್ಲ.

ಆ ಕಣಿವೆಯಲ್ಲಿ ಆಗ ಗೋಧಿಯ ಬೆಳೆ. ತೆನೆ ಕೊಯ್ಯುವುದು, ಬಡಿಯುವುದು, ತೂರುವುದು ಮೂರನ್ನೂ ಒಂದೇ ಓಟದಲ್ಲಿ ಮಾಡುವ ದೊಡ್ಡ ಕಟಾವಿನ ಯಂತ್ರಗಳನ್ನು ಇಪ್ಪತ್ತು ಮೂವತ್ತು ಕುದುರೆಗಳೋ ಹೇಸರಗತ್ತೆಗಳೋ ಎಳೆಯುತ್ತಿದ್ದುವು. ಒಳಗಿನ ಕೆಲಸಕ್ಕೆಲ್ಲ ಶಕ್ತಿ ಬರುವುದು ನೆಲದ ಮೇಲೆ ಉರುಳುವ ಗಾಲಿಯಿಂದ. ಆ ಶಕ್ತಿಯನ್ನು ಸಾಗಿಸುವವು ಎರಕದ ಹಲ್ಲುಗಾಲಿಗಳು. ಕುದುರೆಗಳು ಬೆದರಿ ಹಠಾತ್ತನೆ ಓಡಿದರೆ ಹಲ್ಲುಗಳು ಮುರಿಯುತ್ತಿದ್ದುವು. ಬೆಳೆ ಹೊಲದಲ್ಲಿ ನಿಂತಿರುವಂತೆಯೇ ಹೊಸ ಎರಕಕ್ಕೆ ಕಾಯಬೇಕಾಗಿತ್ತು. ೧೮೮೬ರಲ್ಲಿ ಹೋಲ್ಟ್ ಸೋದರರು ಮಾರಾಟಕ್ಕಿಟ್ಟ ಯಂತ್ರದಲ್ಲಿ ಹಲ್ಲುಗಾಲಿಗಳ ಬದಲು ಕೊಂಡಿಸರಪಣಿಗಳಿದ್ದುವು. ಕಳಚಿ ಕೂಡಿಸಬಲ್ಲ ಇಂಥ ಕೊಂಡಿಗೆ ಅಯೋವಾ ಸಂಸ್ಥಾನದ ವಿಲಿಯಂ ಯುವಾರ್ಟನೆಂಬ ಕೃಷಿಯಂತ್ರದ ವ್ಯಾಪಾರಿ ೧೮೭೪ರಲ್ಲಿಯೇ ಪೇಟೆಂಟು ಪಡೆದಿದ್ದನು. ಸರಪಣಿಯೂ ತುಂಡಾಗುತ್ತದೆ, ನಿಜ. ಆದರೆ ತುಂಡಾದದ್ದು ಒಂದು ಕೊಂಡಿ ಮಾತ್ರ. ಜೇಬಿನಲ್ಲಿ ನಾಲ್ಕು ಕೊಂಡಿಗಳನ್ನಿಟ್ಟುಕೊಂಡ ರೈತನು ಅದನ್ನು ಹೊಲದಲ್ಲಿಯೇ ಕೂಡಿಸಿಕೊಳ್ಳಬಹುದು. ಮುರಿಯದ ಯಂತ್ರವನ್ನು ಕೊಡುತ್ತೇನೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಹೋಲ್ಟನದು ಮುರಿದರೆ ಕೂಡಿಸಬಹುದಾದ ಯಂತ್ರ.

೧೮೯೦ರಲ್ಲಿ ಕುದುರೆಗಳ ಸ್ಥಾನಕ್ಕೆ ಉಗಿಯಂತ್ರ ಬಂತು. ಸುಮಾರು ೨೪ ಟನ್ ತೂಗುವ ಆ ಮೊದಲ ಯಂತ್ರವು ಗಟ್ಟಿ ನೆಲದಲ್ಲಿ ಆನೆಯಂತೆ ಕೆಲಸ ಮಾಡಿತು. ಅದೇ ವರ್ಷ ಹೋಲ್ಟನ ವಿವಾಹವೂ ಆಯಿತು. ೧೮೯೨ರಲ್ಲಿ ಕಂಪನಿಯು ಹೋಲ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯೆಂಬ ಹೆಸರು ತಳೆದು, ಆತ ಅದರ ಅಧ್ಯಕ್ಷನಾದನು.

ಸ್ಟಾಕ್ಟನ್ನಿನ ಪಶ್ಚಿಮಕ್ಕೆ ಸ್ಯಾಕ್ರಮೆಂಟೊ ಮತ್ತು ಸಾನ್ ಹ್ವಾಕಿನ್ ನದಿಗಳು ಕೂಡುವ ಮುಖಜಭೂಮಿಯಿದೆ. ಸಾವಿರಾರು ವರ್ಷ ಜೊಂಡು ಕೊಳೆತು ಆದ ಕರಿಮಣ್ಣು ಅದು. ಚೀನೀ ಕೂಲಿಗಳು ದುಡಿದು ಏರಿಗಳನ್ನು ಕಟ್ಟಿ ಅದನ್ನು ನೀರಿನಿಂದ ಬಿಡಿಸಿದ್ದರು. ಬಿತ್ತಿದ್ದೆಲ್ಲ ಬೆಳೆಯುವಷ್ಟು ಫಲವತ್ತಾದ ನೆಲ, ಕಾಲಿಟ್ಟರೆ ಹೂತುಹೋಗುವಷ್ಟು ಮೆತ್ತಗಿನ ನೆಲ. ಉಳುವ ಕುದುರೆಗಳಿಗೂ ಅಲ್ಲಿ ಅಗಲವಾದ ಪಾದುಕೆಗಳನ್ನು ಕಟ್ಟುತ್ತಿದ್ದರು. ಅಂಥಲ್ಲಿ ೨೪ ಟನ್ನಿನ ಉಗಿಯಂತ್ರದ ಗತಿಯೇನು? ಹೋಲ್ಟನು ಮೊದಲು ಗಾಲಿಯನ್ನೇ ಅಗಲ ಮಾಡಿದನು. ಆರಡಿ ಅಗಲ, ಏಳೂವರೆ ಅಡಿ ಎತ್ತರದ ಪೀಪಾಯಿಯಂಥ ಗಾಲಿಗಳನ್ನು ಪಕ್ಕಪಕ್ಕಕ್ಕೆ ಜೋಡಿಸುತ್ತ ಹೋಗಿ, ಕಡೆಗೆ ಒಂದು ಯಂತ್ರದ ಒಟ್ಟು ಅಗಲ ೪೬ ಅಡಿಗಳಿಗೆ ಮುಟ್ಟಿತು. ನಮ್ಮೂರುಗಳ ಎಷ್ಟೋ ಮನೆಗಳಿಗಿಂತ ಅಗಲ! ಅದು ಮುಳುಗಲಿಲ್ಲವೇನೋ, ಆದರೆ ತಿರುಗಿಸಲು ಕಷ್ಟ, ಕೊಳ್ಳಲು ದುಬಾರಿ, ಕೆಟ್ಟರೆ ಸರಿಪಡಿಸುವುದು ಇನ್ನೂ ದುಸ್ತರ. ಹೂತ ಬಂಡಿಯ ಮುಂದೆ ಹಲಗೆ ಹಾಸುವುದನ್ನು ಲೋಕದ ಎಲ್ಲ ರೈತರೂ ಬಲ್ಲರು. ಯಂತ್ರದ ಮುಂದೆ ಹಾಗೆಯೇ ಹಲಗೆಯ ದಾರಿಯನ್ನು ಹಾಸುವುದೂ ಆಲೋಚನೆಗೆ ಬಂತು. ಆದರೆ ಹಾಸಿದ ಹಲಗೆಯನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತರುವವರು ಯಾರು?

ಯಂತ್ರವೇ ತನ್ನ ಹಲಗೆಯನ್ನು ಎತ್ತಿ ತಂದು ಹಾಸಿಕೊಳ್ಳಬೇಕು. ಸಮಸ್ಯೆಯನ್ನು ಹೀಗೆ ಬಿಡಿಸಿಟ್ಟರೆ ಉತ್ತರ ಸುಲಭವಾಗಿ ಕಾಣುತ್ತದೆ. ಕಾಣಲು ಹೋಲ್ಟನಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ೧೯೦೩ರಲ್ಲಿ ಆತ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಸಂಚರಿಸಿ ಇತರರು ಮಾಡಿದ್ದ ಪ್ರಯತ್ನಗಳನ್ನು ನೋಡಿಬಂದನು. ಬಂದವನು ಒಂದು ಉಗಿಯಂತ್ರದ ಹಿಂದಿನ ಗಾಲಿಗಳನ್ನು ಕಳಚಿ, ಒಂಬತ್ತು ಅಡಿ ಉದ್ದದ ಎರಡು ಚೌಕಟ್ಟುಗಳನ್ನು ಕೂಡಿಸಿ, ಅವುಗಳ ಸುತ್ತ ಸರಪಣಿಯನ್ನು ಬಿಗಿದು, ಸರಪಣಿಗೆ ಅಡ್ಡಲಾಗಿ ಮರದ ಪಟ್ಟಿಗಳನ್ನು ಜಡಿದನು. ಬಡಗಿಯ ಮರ, ಕಟಾವಿನ ಯಂತ್ರದ ಕೊಂಡಿ ಎರಡೂ ಅಲ್ಲಿ ಸೇರಿದುವು. ೧೯೦೪ರ ನವೆಂಬರ್ ೨೪ರ ಗುರುವಾರ, ಅಮೆರಿಕನ್ನರ ಕೃತಜ್ಞತೆಯ ಹಬ್ಬದ ದಿನ, ರಾಬರ್ಟ್ಸ್ ದ್ವೀಪದ ಕೆಸರಿನ ಮೇಲೆ ಆ ಯಂತ್ರ ಹೂಳದೆ ನಡೆಯಿತು.

ಹೆಸರಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳದೆ ಇರಲಾರೆ. ಕಂಪನಿಯ ಪರವಾಗಿ ಛಾಯಾಚಿತ್ರ ತೆಗೆಯಲು ಬಂದಿದ್ದ ಚಾರ್ಲ್ಸ್ ಕ್ಲೆಮೆಂಟ್ಸ್ ಎಂಬಾತನು ಕ್ಯಾಮರಾದ ಕರಿಬಟ್ಟೆಯೊಳಗೆ ತಲೆಯಿಟ್ಟು ನೋಡಿದಾಗ, ತಲೆಕೆಳಗಾದ ಬಿಂಬದಲ್ಲಿ ಆ ಸರಪಣಿಯ ಮೇಲ್ಭಾಗವು ಅಲೆಯಲೆಯಾಗಿ ಏರಿಳಿಯುತ್ತ ಕಂಬಳಿಹುಳು ತೆವಳಿದಂತೆ ಕಂಡಿತಂತೆ. ಆತ ಆಡಿದ ಆ ಮಾತನ್ನೇ ಹೋಲ್ಟನು ಯಂತ್ರದ ಹೆಸರಾಗಿ ಹಿಡಿದುಕೊಂಡನು. ಕಂಬಳಿಹುಳುವಿಗೆ ಇಂಗ್ಲಿಷಿನಲ್ಲಿ ಕ್ಯಾಟರ್‌ಪಿಲ್ಲರ್ ಎನ್ನುತ್ತಾರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಸರಪಣಿಯ ಮೇಲ್ಭಾಗ ಹಾಗೆ ಅಲೆಯಾಡಬೇಕಾದರೆ ಅದು ಸಡಿಲಾಗಿರಲೇಬೇಕು. ಸಡಿಲವು ದೋಷವಲ್ಲ, ಅವಶ್ಯಕತೆ ಎಂಬುದನ್ನು ಮಿಸ್ತ್ರಿಗಳು ಬಲ್ಲರು. ತೀರ ಬಿಗಿದರೆ ಎಂಜಿನಿನ ಬಲವೆಲ್ಲ ಕೀಲುಗಳನ್ನು ಸವೆಸುವುದರಲ್ಲಿಯೇ ಮುಗಿಯುತ್ತದೆ. ತೀರ ಬಿಟ್ಟರೆ ತಿರುವಿನಲ್ಲಿ ಸರಪಣಿ ಹಲ್ಲುಗಾಲಿಯಿಂದ ಜಾರಿ ಯಂತ್ರ ಕುಂಟಾಗುತ್ತದೆ.

ಈಗ ಬಿರುದಿನ ಮಾತು. ಮೇಯ್ನ್ ಸಂಸ್ಥಾನದ ಆಲ್ವಿನ್ ಲೊಂಬಾರ್ಡನು ಹಿಮದ ಮೇಲೆ ಮರದ ದಿಮ್ಮಿಗಳನ್ನು ಎಳೆಯುವ ಸರಪಣಿಯ ಉಗಿಯಂತ್ರಕ್ಕೆ ೧೯೦೧ರಲ್ಲಿಯೇ ಪೇಟೆಂಟು ಪಡೆದಿದ್ದನು. ಇಂಗ್ಲೆಂಡಿನ ಗ್ರ್ಯಾಂಥಮ್ ಊರಿನ ಹಾರ್ನ್ಸ್‌ಬಿ ಕಂಪನಿಯ ಡೇವಿಡ್ ರಾಬರ್ಟ್ಸನು ಅದೇ ಸುಮಾರಿಗೆ ಇನ್ನೊಂದು ಬಗೆಯ ಸರಪಣಿಗಾಲಿಯನ್ನು ನಿರ್ಮಿಸಿದನು. ಎಡಬಲ ಸರಪಣಿಗಳ ವೇಗವನ್ನು ಬೇರೆ ಬೇರೆ ಮಾಡಿ ಯಂತ್ರವನ್ನು ತಿರುಗಿಸುವ ಉಪಾಯ ಆತನದು. ಅದನ್ನು ಕಂಡ ಇಂಗ್ಲಿಷ್ ಸಿಪಾಯಿಗಳು ಅವರಾಗಿಯೇ ಕಂಬಳಿಹುಳುವೆಂದು ಕರೆದರೆಂಬುದೂ ಪ್ರಸಿದ್ಧವಾಗಿದೆ. ಕೊಳ್ಳುವವರಿಲ್ಲದೆ ಹಾರ್ನ್ಸ್‌ಬಿಯವರು ತಮ್ಮ ಪೇಟೆಂಟುಗಳನ್ನು ೧೯೧೪ರಲ್ಲಿ ಹೋಲ್ಟನಿಗೇ ಮಾರಿದರು. ಆದ್ದರಿಂದ ಹೋಲ್ಟನನ್ನು ಮೊದಲಿಗನೆಂದು ಕರೆಯುವುದು ನನಗೆ ಒಪ್ಪಿಗೆಯಲ್ಲ. ಸರಪಣಿಗಾಲಿಯನ್ನು ರೈತನ ಅಂಗಳಕ್ಕೆ ತಂದು, ಅಲ್ಲಿ ಕೆಟ್ಟಾಗ ಅದರ ಪಕ್ಕದಲ್ಲಿ ನಿಂತವನೆಂದರೆ ಒಪ್ಪುತ್ತೇನೆ.

ಕೆಡುವುದಂತೂ ಬೇಕಾದಷ್ಟು ಕೆಟ್ಟಿತು. ೧೯೦೬ರ ಹೊತ್ತಿಗೆ ಪೆಟ್ರೋಲಿನ ಎಂಜಿನನ್ನು ಅಳವಡಿಸುವ ಪ್ರಯೋಗಗಳಾಗಿ, ೧೯೦೮ರಲ್ಲಿ ಲಾಸ್ ಏಂಜಲೀಸ್ ನಗರದ ದೊಡ್ಡ ನೀರಿನ ಕಾಲುವೆಯ ಕಾಮಗಾರಿಗೆ ಹೋಲ್ಟನ ಯಂತ್ರಗಳು ಹೋದುವು. ಮೊದಲ ಪರೀಕ್ಷೆ ಮೆಚ್ಚುಗೆಯಾಗಿ ನಗರದವರು ೨೮ ಯಂತ್ರಗಳನ್ನು ಕೊಂಡರು. ಮೆತ್ತಗಿನ ಕರಿಮಣ್ಣಿಗಾಗಿ ಹುಟ್ಟಿದ ಯಂತ್ರ ಅಲ್ಲಿ ಮೊಹಾವೆ ಮರುಭೂಮಿಯ ಮರಳು, ಸೆಕೆ, ಬೆಟ್ಟದ ಏರುದಾರಿಗಳನ್ನು ಎದುರಿಸಬೇಕಾಯಿತು. ಕಬ್ಬಿಣದ ಹಲ್ಲುಗಾಲಿಗಳು ಬೇಗ ಸವೆದುವು. ಸ್ಪ್ರಿಂಗುಗಳು ಮುರಿದುವು. ಕಡಿಮೆ ವೇಗದ ಗೇರು ಏರುದಾರಿಗೆ ಸಾಕಷ್ಟು ಕಡಿಮೆಯಾಗಿರಲಿಲ್ಲ. ದುರಸ್ತಿಯ ಖರ್ಚು ಲಾಭವನ್ನು ನುಂಗಿ, ಸಾಗಾಟದ ಕೆಲಸ ಮತ್ತೆ ಹೇಸರಗತ್ತೆಗಳ ಪಾಲಾಯಿತು. ಬೇರೊಬ್ಬನಾಗಿದ್ದರೆ ಮರಳನ್ನು ದೂರುತ್ತಿದ್ದನೇನೋ. ಹೋಲ್ಟನ ಕಂಪನಿಯವರು ಮುರಿದ ಭಾಗಗಳನ್ನು ಪಾಠವಾಗಿಟ್ಟುಕೊಂಡು ಕಬ್ಬಿಣವಿದ್ದಲ್ಲಿ ಉಕ್ಕನ್ನು ಹಾಕಿ ಮುಂದಿನ ಯಂತ್ರಗಳನ್ನು ತಿದ್ದಿದರು. ಜಾಹೀರಾತುಗಳಲ್ಲಿ ಈ ಸೋಲಿನ ಕಥೆ ಬರುವುದಿಲ್ಲ. ಆದರೆ ಮುಂದಿನ ಯಂತ್ರಗಳ ಗಟ್ಟಿತನಕ್ಕೆ ಆ ಮರುಭೂಮಿಯೇ ಕಾರಣವೆಂದು ನಾನು ತಿಳಿದಿದ್ದೇನೆ.

ಅದೇ ೧೯೦೮ರಲ್ಲಿ ಹೋಲ್ಟನು ತನ್ನ ದೊಡ್ಡ ಪ್ರತಿಸ್ಪರ್ಧಿಯಾದ ಸಾನ್ ಲಿಯಾಂಡ್ರೊವಿನ ಡೇನಿಯಲ್ ಬೆಸ್ಟನ ಕಂಪನಿಯನ್ನು ಕೊಂಡನು. ಅದಕ್ಕೆ ಮುನ್ನ ಅವರಿಬ್ಬರಿಗೂ ಪೇಟೆಂಟಿನ ವಿಷಯದಲ್ಲಿ ನ್ಯಾಯಾಲಯದಲ್ಲಿ ಜಗಳವಾಗಿತ್ತು. ಬೆಸ್ಟನ ಮಗ ಲಿಯೋ ಎರಡು ವರ್ಷ ಹೋಲ್ಟನ ಕೈಕೆಳಗಿದ್ದು, ೧೯೧೦ರಲ್ಲಿ ಹೊರಬಿದ್ದು ತನ್ನದೇ ಕಂಪನಿ ತೆರೆದು ಮತ್ತೆ ಎದುರಾಳಿಯಾದನು. ಪೂರ್ವದ ರೈತರಿಗಾಗಿ ಹೋಲ್ಟನ ಸೋದರನ ಮಗ ಪ್ಲೈನಿಯು ಇಲಿನಾಯ್ ಸಂಸ್ಥಾನದ ಪಿಯೋರಿಯಾದಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯನ್ನು ಹಿಡಿದನು. ಈ ವ್ಯವಹಾರಗಳನ್ನು ಇಷ್ಟಕ್ಕೇ ಬಿಡುತ್ತೇನೆ.

ಆ ಕಾಲದ ಯಂತ್ರಗಳಲ್ಲಿ ಹೆಸರಾದದ್ದು ಎಪ್ಪತ್ತೈದು ಅಶ್ವಶಕ್ತಿಯದು. ಹತ್ತು ಟನ್ನನ್ನು ಮೀರಿದ ತೂಕ. ಹಿಂದೆ ಎರಡು ಸರಪಣಿಗಳು, ಮುಂದೆ ದಿಕ್ಕು ತಿರುಗಿಸಲು ಒಂಟಿ ಗಾಲಿ. ನಾಲ್ಕು ಸಿಲಿಂಡರುಗಳು ಪ್ರತ್ಯೇಕವಾಗಿ ನಿಂತಿವೆ. ಒಂದೊಂದರ ಒಳ ಅಡ್ಡಳತೆ ಏಳೂವರೆ ಅಂಗುಲ. ನಿಮಿಷಕ್ಕೆ ೫೫೦ ಸುತ್ತುಗಳಷ್ಟೆ ತಿರುಗುವ ನಿಧಾನದ ಎಂಜಿನು. ಇಂಥವನ್ನು ಕೊಟ್ಟಿಗೆಗಳಿಂದಲೂ ಕಾಡಿನ ಅಂಚುಗಳಿಂದಲೂ ಹುಡುಕಿ ತಂದು ಮತ್ತೆ ನಡೆಸುವ ಹವ್ಯಾಸಿಗಳು ಇಂದು ಅಮೆರಿಕದಲ್ಲಿಯೂ ಇತರ ದೇಶಗಳಲ್ಲಿಯೂ ಇದ್ದಾರೆ. ನೂರು ವರ್ಷ ದಾಟಿದ ಯಂತ್ರ ಮತ್ತೆ ಉಸಿರಾಡುವುದು ಹೇಗೆ ಎಂಬುದನ್ನು ಕೊಂಚ ವಿಸ್ತಾರವಾಗಿ ನೋಡಬೇಕು. ಹೋಲ್ಟನ ಗುಣ ಅಲ್ಲಿಯೇ ಕಾಣುತ್ತದೆ.

ಮೊದಲ ಶತ್ರು ತುಕ್ಕು. ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿರುತ್ತವೆ. ಅವಸರಪಟ್ಟು ಬಡಿದವನು ಎರಕವನ್ನು ಒಡೆಯುತ್ತಾನೆ. ಬಲ್ಲವನು ಸೀಮೆಎಣ್ಣೆಯನ್ನೋ ತೆಳು ಎಣ್ಣೆಯನ್ನೋ ತುಂಬಿ ವಾರಗಟ್ಟಲೆ ಕಾಯುತ್ತಾನೆ. ಅನಂತರ ಮರದ ದಿಂಡನ್ನು ನಡುವೆಯಿಟ್ಟು ಮೆಲ್ಲನೆ ತಟ್ಟುತ್ತಾನೆ. ಸಿಲಿಂಡರುಗಳು ಬೇರೆ ಬೇರೆಯಾಗಿರುವುದರಿಂದ ಒಂದು ಒಡೆದಿದ್ದರೆ ಅದೊಂದನ್ನೇ ಬದಲಿಸಿದರಾಯಿತು. ತಿರುಗುವ ದಂಡಗಳನ್ನು ಹೊತ್ತ ಬೇರಿಂಗುಗಳಿಗೆ ಬ್ಯಾಬಿಟ್ ಎಂಬ ಬಿಳಿಲೋಹದ ಒಳಪದರ ಹಾಕುತ್ತಿದ್ದರು. ತವರ, ಆಂಟಿಮನಿ, ತಾಮ್ರಗಳ ಆ ಮಿಶ್ರಣ ಸಾಧಾರಣ ಕುಲುಮೆಯಲ್ಲಿಯೇ ಕರಗುತ್ತದೆ. ಹಳೆಯದನ್ನು ಕರಗಿಸಿ ತೆಗೆದು ಹೊಸದನ್ನು ಹೊಯ್ದು, ದಂಡಕ್ಕೆ ನೀಲಿಬಣ್ಣ ಸವರಿ ಕೂಡಿಸಿ ತಿರುಗಿಸಿದರೆ, ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಬ್ಬಿದೆಯೆಂದು ಗೊತ್ತಾಗುತ್ತದೆ. ಅಷ್ಟನ್ನು ಕೆರೆದು ಮತ್ತೆ ಸವರಿ ಮತ್ತೆ ನೋಡಬೇಕು. ಇಡೀ ದಿನದ ಕೆಲಸಕ್ಕೆ ಒಂದು ಚಿಟಿಕೆ ಲೋಹದ ಹುಡಿ. ಮುಂದೆ ಸವೆದು ಸಡಿಲವಾದಾಗ, ಬೇರಿಂಗಿನ ಎರಡು ಹೋಳುಗಳ ನಡುವೆ ಇಟ್ಟಿರುವ ತೆಳುತಗಡುಗಳಲ್ಲಿ ಒಂದನ್ನು ತೆಗೆದರೆ ಮತ್ತೆ ಬಿಗಿಯಾಗುತ್ತದೆ. ತಾನು ಸವೆಯುವೆನೆಂದು ಯಂತ್ರವು ಮೊದಲೇ ಒಪ್ಪಿಕೊಂಡು ಅದಕ್ಕೆ ಜಾಗ ಬಿಟ್ಟಿದೆ.

ಸರಪಣಿಯ ವಿಷಯದಲ್ಲಿ ಜನ ತಪ್ಪು ತಿಳಿಯುತ್ತಾರೆ. ಹಳೆಯ ಸರಪಣಿ ಹಿಗ್ಗಿದೆಯೆನ್ನುತ್ತಾರೆ. ಉಕ್ಕಿನ ಕೊಂಡಿ ಹಿಗ್ಗುವುದಿಲ್ಲ. ಒಂದೊಂದು ಕೀಲೂ ಕೂದಲೆಳೆಯಷ್ಟು ಸವೆದು, ಅವೆಲ್ಲ ಕೂಡಿ ಸರಪಣಿ ಅಂಗುಲಗಟ್ಟಲೆ ಉದ್ದವಾಗುತ್ತದೆ. ಆಗ ಕೊಂಡಿಗಳ ಅಂತರಕ್ಕೂ ಹಲ್ಲುಗಾಲಿಯ ಹಲ್ಲುಗಳ ಅಂತರಕ್ಕೂ ಹೊಂದಿಕೆ ತಪ್ಪಿ ಹಲ್ಲು ಕೊಕ್ಕೆಯಾಗಿ ಬಾಗುತ್ತದೆ. ಅಂಥ ಕೊಕ್ಕೆಹಲ್ಲಿನ ಗಾಲಿಗೆ ಹೊಸ ಸರಪಣಿಯನ್ನು ಹಾಕಿದವನು ಹೊಸದನ್ನೂ ಬೇಗ ಹಾಳುಮಾಡಿಕೊಳ್ಳುತ್ತಾನೆ. ಎಲ್ಲ ಸಿದ್ಧವಾದ ಮೇಲೆ ದೊಡ್ಡ ಚಕ್ರದ ತೂತಿಗೆ ಕಬ್ಬಿಣದ ಸನಿಕೆಯನ್ನು ಹಾಕಿ ತೋಳಿನ ಬಲದಿಂದ ಎಂಜಿನನ್ನು ಸುತ್ತಬೇಕು. ಕಿಡಿ ಹೊತ್ತುವ ಸಮಯ ತಪ್ಪಿದರೆ ಚಕ್ರ ಹಿಂದಕ್ಕೆ ಒದೆಯುತ್ತದೆ. ಸನಿಕೆಯನ್ನು ಬಿಟ್ಟು ಸರಿಯಲು ತಿಳಿಯದವನ ಕೈ ಉಳಿಯದು.

೧೯೧೪ರ ಮಹಾಯುದ್ಧ ಈ ಹೊಲದ ಯಂತ್ರವನ್ನು ಹಿಡಿದುಕೊಂಡಿತು. ಬ್ರಿಟನ್, ಫ್ರಾನ್ಸ್, ರಷ್ಯಗಳ ಭಾರಿ ತೋಪುಗಳನ್ನು ಕೆಸರಿನಲ್ಲಿ ಎಳೆಯಲು ಹೋಲ್ಟನ ಯಂತ್ರಗಳು ಹಡಗುಗಟ್ಟಲೆ ಹೋದುವು. ಅವನ್ನು ನೋಡಿದ ಬ್ರಿಟಿಷ್ ಅಧಿಕಾರಿ ಅರ್ನೆಸ್ಟ್ ಸ್ವಿಂಟನನಿಗೂ ಫ್ರಾನ್ಸಿನ ಎಸ್ತಿಯೆನ್ನನಿಗೂ ಕವಚದ ಯುದ್ಧರಥದ ಕಲ್ಪನೆ ಬಂತು. ೧೯೧೬ರ ಸೆಪ್ಟೆಂಬರಿನಲ್ಲಿ ಸೋಮ್ ರಣಭೂಮಿಗೆ ಇಳಿದ ಬ್ರಿಟಿಷ್ ಟ್ಯಾಂಕುಗಳ ಸರಪಣಿಯನ್ನು ಇಂಗ್ಲೆಂಡಿನಲ್ಲಿಯೇ ಬೇರೆಯಾಗಿ ರಚಿಸಿದ್ದರು. ಫ್ರೆಂಚರ ಮೊದಲ ಟ್ಯಾಂಕುಗಳು ಮಾತ್ರ ನೇರವಾಗಿ ಹೋಲ್ಟನ ಚೌಕಟ್ಟನ್ನೇ ಅವಲಂಬಿಸಿದ್ದುವು. ಶತ್ರುಪಕ್ಷದ ಜರ್ಮನರ ಟ್ಯಾಂಕಿಗೂ ಅದೇ ಆಧಾರ. ಹೀಗೆ ಹೂಳದೆ ಉಳುವುದಕ್ಕಾಗಿ ಹಾಸಿದ ಹಲಗೆ ಎರಡೂ ಕಡೆಯ ಸೈನಿಕರ ಮೇಲೆ ಹಾದುಹೋಯಿತು. ೧೯೧೮ರ ಏಪ್ರಿಲಿನಲ್ಲಿ ಸ್ವಿಂಟನನು ಸ್ಟಾಕ್ಟನ್ನಿಗೆ ಬಂದು ನೆರೆದ ಜನರ ಮುಂದೆ ಹೋಲ್ಟನನ್ನು ಗೌರವಿಸಿದನು. ಆಗ ಆತನಿಗೆ ಅರುವತ್ತೊಂಬತ್ತು. ಆ ಹೊಗಳಿಕೆಯನ್ನು ಕೇಳುವಾಗ ಆತನ ಮನಸ್ಸು ಏನೆಂದುಕೊಂಡಿರಬಹುದೆಂದು ನಾನು ಅನೇಕ ಸಲ ಆಲೋಚಿಸಿದ್ದೇನೆ.

ಯುದ್ಧ ಮುಗಿದೊಡನೆ ಸರ್ಕಾರದ ಬೇಡಿಕೆ ನಿಂತಿತು. ತೋಪನ್ನೆಳೆಯಲು ಬೆಳೆಸಿದ ಭಾರಿ ಯಂತ್ರಗಳು ರೈತನಿಗೆ ಬೇಡವಾದುವು, ಸಾಲ ಬೆಳೆಯಿತು. ೧೯೨೦ರ ಡಿಸೆಂಬರ್ ೫ರಂದು ಹೋಲ್ಟನು ಸ್ಟಾಕ್ಟನ್ನಿನಲ್ಲಿ ತೀರಿಕೊಂಡನು. ಐದು ವರ್ಷಗಳ ಮೇಲೆ, ೧೯೨೫ರ ಏಪ್ರಿಲಿನಲ್ಲಿ, ಹೋಲ್ಟನ ಕಂಪನಿಯೂ ಲಿಯೋ ಬೆಸ್ಟನ ಕಂಪನಿಯೂ ಒಂದಾಗಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರ್ ಕಂಪನಿ ಹುಟ್ಟಿತು. ಅದರ ಮಂಡಲಿಯ ಅಧ್ಯಕ್ಷಸ್ಥಾನದಲ್ಲಿ ೧೯೫೧ರವರೆಗೂ ಕುಳಿತವನು ಎದುರಾಳಿಯ ಮಗನಾದ ಬೆಸ್ಟ್. ಹೋಲ್ಟನ ದೊಡ್ಡ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದರು. ಬೆಸ್ಟನ ಮೂವತ್ತು ಮತ್ತು ಅರುವತ್ತು ಅಶ್ವಶಕ್ತಿಯ ಯಂತ್ರಗಳು ಮುಂದುವರಿದುವು. ಅವುಗಳ ಮೈಮೇಲೆ ಬರೆದದ್ದು ಮಾತ್ರ ಹೋಲ್ಟನು ಛಾಯಾಚಿತ್ರಗಾರನಿಂದ ಪಡೆದಿದ್ದ ಆ ಹುಳುವಿನ ಹೆಸರು.